ಸುರುಳಿಯಿಂದ ವಿಮಾನ ಬಿಡಿಸಿದ ಬೆಳಗ್ಗೆ

ಸುರುಳಿ ಸುತ್ತುತ್ತ ಇಳಿಯುತ್ತಿದ್ದ ವಿಮಾನವನ್ನು ನೇರಮಾಡಿದವನು ನಾನು. ಹೆದರಿ ಕೈಚೆಲ್ಲಿದವನೆಂದು ತರಬೇತಿ ಶಾಲೆಯಿಂದ ಹೊರಬಿದ್ದವನೂ ನಾನೇ. ಅರವತ್ತರ ದಶಕದ ಆರಂಭದ ಮಾತು ಇದು.

ಆಗ ಜಯನಗರದ ನಮ್ಮ ಮನೆಯ ಸುತ್ತ ಖಾಲಿ ನಿವೇಶನಗಳೇ ಹೆಚ್ಚು. ಊರಿನ ಇನ್ನೊಂದು ತುದಿಯ ವಿಮಾನ ಮೈದಾನಕ್ಕೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ನಮ್ಮ ಶಿಕ್ಷಕರು ಹನುಮಂತನಗರದವರು. ನಮ್ಮ ಬಂಧುಬಳಗದಲ್ಲಿ ಅವರನ್ನು ತಿಳಿಯದವರಿರಲಿಲ್ಲ.

ಅಂದಿನ ಪಾಠವಿದು: ತೆರೆದ ವಿಮಾನದ ಹಿಂದಿನ ಆಸನದಲ್ಲಿ ವಿದ್ಯಾರ್ಥಿ ಕಣ್ಣುಮುಚ್ಚಿ ತಲೆ ತಗ್ಗಿಸಿ ಕೂರಬೇಕು. ಮುಂದೆ ಕುಳಿತ ಶಿಕ್ಷಕರು ವಿಮಾನವನ್ನು ಅಡ್ಡಾದಿಡ್ಡಿ ವಾಲಿಸಿ, "ಯು ಹ್ಯಾವ್ ಕಂಟ್ರೋಲ್" ಎಂದು ಹಿಡಿತ ಒಪ್ಪಿಸಬೇಕು; ವಿದ್ಯಾರ್ಥಿ ಕಣ್ಣು ತೆರೆದು ಅದನ್ನು ನೇರಮಾಡಬೇಕು. ಎರಡೂ ಆಸನಗಳ ಮುಂದೆ ಒಂದಕ್ಕೊಂದು ಜೋಡಿಸಿದ ಸ್ಟಿಕ್, ಅಂದರೆ ಚಾಲನೆಯ ಕೋಲು, ಇರುತ್ತದೆ. ಆ ಮಾತಿನ ನಂತರ ಅವರು ತಮ್ಮ ಸ್ಟಿಕ್ ಮುಟ್ಟುವಂತಿಲ್ಲ. ಮರಳಿ ಮುಟ್ಟುವುದಾದರೆ ಬಾಯಿಬಿಟ್ಟು ಹೇಳಲೇಬೇಕು.

ಅವರು ಹೇಳಿದರು, ನಾನು ಕಣ್ಣು ತೆರೆದೆ. ಮೂತಿ ಕೆಳಗಿತ್ತು, ಎಡರೆಕ್ಕೆ ನೆಲದತ್ತ ತಿರುಗಿತ್ತು, ವೇಗದ ಮುಳ್ಳು ಏರುತ್ತಿತ್ತು. ಇಂಥಲ್ಲಿ ಮೊದಲು ಎಂಜಿನ್ ತಗ್ಗಿಸಬೇಕು, ಬಳಿಕ ರೆಕ್ಕೆ ಸಮಮಾಡಬೇಕು, ಕೊನೆಗಷ್ಟೇ ಮೂತಿ ಎತ್ತಬೇಕು. ವಾಲಿದ ಸ್ಥಿತಿಯಲ್ಲೇ ಮೂತಿ ಎತ್ತಲು ಸ್ಟಿಕ್ ಎಳೆದರೆ ಸುರುಳಿ ಇನ್ನಷ್ಟು ಬಿಗಿಯುತ್ತದೆ. ನಾನು ಎಂಜಿನ್ ತಗ್ಗಿಸಿದೆ. ಅಷ್ಟರಲ್ಲಿ ಸ್ಟಿಕ್ ತಾನಾಗಿ ನನ್ನ ಹೊಟ್ಟೆಯತ್ತ ಬರತೊಡಗಿತು. ಮುಂದಿನಿಂದ ಅವರು ಎಳೆಯುತ್ತಿದ್ದರು.

"ಸಾರ್, ಸ್ಟಿಕ್ ಬಿಡಿ!" ಎಂದು ಎರಡು ಆಸನಗಳ ನಡುವಿನ ಮಾತಿನ ಕೊಳವೆಯಲ್ಲಿ ಕೂಗಿದೆ. ಸ್ಟಿಕ್ ಹಗುರಾಯಿತು. ರೆಕ್ಕೆ ಸಮಮಾಡಿ ಮೂತಿ ಎತ್ತಿದೆ.

ಇಳಿದ ಮೇಲೆ, ಉಳಿದ ವಿದ್ಯಾರ್ಥಿಗಳ ಎದುರಿಗೇ ಅವರು ನಕ್ಕರು. "ಏನಯ್ಯಾ, ಎಂಜಿನ್ ಕತ್ತೇ ಹಿಸುಕಿಬಿಟ್ಯಲ್ಲ! ಅಷ್ಟೊಂದು ಭಯಾನಾ?"

"ಸ್ಟಿಕ್ ನೀವೂ ಎಳೀತಿದ್ರಿ, ಸಾರ್."

"ನಾನು ಎಳೀದೇ ಇದ್ದಿದ್ರೆ ನಿಮ್ಮನೆಯೋರು ಇಷ್ಟೊತ್ತಿಗೆ ತಲೆ ಮೇಲೆ ನೀರು ಸುರ್ಕೋಬೇಕಿತ್ತು!"

ಶಾಲೆಯ ಹಿರಿಯರು ಶಿಕ್ಷಕರನ್ನು ಮಾತ್ರ ವಿಚಾರಿಸಿದರು. ಎದೆಗಾರಿಕೆ ಸಾಲದೆಂದು ನನ್ನನ್ನು ಕಳುಹಿಸಿದರು. ಪೈಲಟ್ ಪರವಾನಗಿಯ ಆಸೆ ಅಲ್ಲಿಗೆ ಮುಗಿಯಿತು.

ಮಾತು ಮೈದಾನದಲ್ಲೇ ಉಳಿಯಲಿಲ್ಲ. ಜಯನಗರದ ಒಂದು ಮದುವೆಯಲ್ಲಿ ನಾನು ಪಂಕ್ತಿಗೆ ಸಾರು ಬಡಿಸುತ್ತಿದ್ದೆ. ವಧುವಿನ ಸೋದರಮಾವ ಎಲೆಗೆ ಕೈ ಅಡ್ಡ ಹಿಡಿದು, "ಪೈಲಟ್ರೇ, ಬಗ್ಗೋವಾಗ ಹುಷಾರು, ತಲೆ ಸುತ್ತೀತು!" ಎಂದರು. ಪಂಕ್ತಿಯೆಲ್ಲ ನಕ್ಕಿತು. ಅದೇ ಸಾಲಿನಲ್ಲಿದ್ದ ಶಿಕ್ಷಕರು ಮಾತ್ರ ನಗಲಿಲ್ಲ. ತಲೆ ಎತ್ತದೆ ಅನ್ನ ಕಲಸುತ್ತಿದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು.

ಕೆಲವು ತಿಂಗಳ ಬಳಿಕ, ತರಬೇತಿ ಮುಂದುವರಿಸಿದ್ದ ಸಹಪಾಠಿಯೊಬ್ಬ ಬಸ್ಸಿನಲ್ಲಿ ಸಿಕ್ಕಿದ. "ಮೇಷ್ಟ್ರು ಹೊಸ ಪದ್ಧತಿ ಮಾಡಿದಾರೆ ಕಣೋ. ಕಂಟ್ರೋಲ್ ಕೊಟ್ಟ ತಕ್ಷಣ ಎರಡೂ ಕೈ ಮೇಲೆತ್ತಿ ತೋರಿಸ್ತಾರೆ, ಸ್ಟಿಕ್ ಮುಟ್ಟಿಲ್ಲ ಅಂತ. ಕಳ್ಳ ಪೊಲೀಸಿಗೆ ಸಿಕ್ಕಿಬಿದ್ದ ಹಾಗೆ ಕಾಣತ್ತೆ!" ಎಂದು ನಕ್ಕ.

ನನಗೆ ನಗು ಬರಲಿಲ್ಲ. ನನ್ನನ್ನು ಕಳುಹಿಸಿದ ಹಿರಿಯರೂ ಪ್ರತಿದಿನ ಅದೇ ಮೈದಾನದಲ್ಲಿ ನಿಂತು ಆಕಾಶ ನೋಡುತ್ತಿದ್ದವರೇ. ಅವರನ್ನು ಇಂದು ಕೇಳುತ್ತೇನೆ: ತಪ್ಪು ನನ್ನದೇ ಆಗಿದ್ದರೆ, ನಾನು ಹೋದ ಮೇಲೆ ಕೈ ಎತ್ತಬೇಕಾದ ಅಗತ್ಯ ಆ ಶಿಕ್ಷಕರಿಗೇಕೆ ಬಂತೆಂದು ನಿಮ್ಮಲ್ಲಿ ಒಬ್ಬರಾದರೂ ವಿಚಾರಿಸಿದಿರಾ?