ಮೆತ್ತೆಯ ಕೆಳಗಿನ ಸ್ವಿಚ್ಚು

ಮಗುವಿನ ಬಾಯಿಗೆಂದು ಎತ್ತಿದ ಚಮಚ ನಡುದಾರಿಯಲ್ಲೇ ನಿಂತುಬಿಟ್ಟಿತ್ತು. ಮಗು ಬಾಯಿ ತೆರೆದು ಕಾಯಿತು, ಕಾದು ಕಾದು ಬೇಸತ್ತು ಕೊನೆಗೆ ತಾನೇ ಮುಂದೆ ಬಾಗಿ ಚಮಚವನ್ನು ಕಚ್ಚಿಕೊಂಡಿತು. ಅವಳಿಗೆ ಅದೂ ತಿಳಿಯಲಿಲ್ಲ. ಅವಳ ಕಣ್ಣಿಗೆ ಕಟ್ಟಿದ್ದು ಒಂದು ಮೆತ್ತೆ. ನೀಲಿ ಬಟ್ಟೆಯ, ಅಂಚಿಗೆ ಬಿಳಿ ಹೊಲಿಗೆ ಹಾಕಿದ, ಹಾಯಿದೋಣಿಯ ಹಿಂಬದಿಯ ಆಸನದ ಮೇಲೆ ಹಾಸಿದ ಹೊಸ ಮೆತ್ತೆ. ಅದರ ಮೇಲೆ ಯಾರಾದರೂ ದೊಪ್ಪನೆ ಕೂತರೆ? ಪುಟ್ಟ ಹುಡುಗಿಯೊಬ್ಬಳು ಮೊಣಕಾಲೂರಿ ನೀರು ನೋಡಲು ಬಾಗಿದರೆ?

"ಮತ್ತೆ ಶುರುವಾಯ್ತಾ?" ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಕೇಳಿದರು. "ನಿನ್ನ ಚಿಂತೆನ ಪಾಲು ಹಾಕಿದ್ರೆ ಬೀದಿಯವರಿಗೆಲ್ಲ ಒಂದೊಂದು ಹಿಡಿ ಬರುತ್ತೆ ನೋಡು."

ಅತ್ತೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮಗು ಹುಟ್ಟಿದಾಗಿನಿಂದ ಅವಳ ಎದೆ ಅಕ್ಕಸಾಲಿಗನ ತಕ್ಕಡಿಯಂತಾಗಿತ್ತು, ಗಾಳಿ ಬೀಸಿದರೂ ತೂಗುತ್ತಿತ್ತು. ಮಗು ಸೀನಿದರೆ ಡಾಕ್ಟರಿಗೆ ಫೋನು. ಮಗು ಸದ್ದಿಲ್ಲದೆ ಮಲಗಿದರೆ ಮೂಗಿನ ಬಳಿ ಬೆರಳು. ಕಿಟಕಿಯ ಚಿಲಕ ಹಾಕಿದ್ದೇನೆ ಎಂದು ಗೊತ್ತಿದ್ದೂ ಅರ್ಧ ಬೀದಿಯಿಂದ ಹಿಂದಿರುಗಿ ನೋಡುವುದು. ಇದೆಲ್ಲ ಮನೆಯಲ್ಲಿ ತಮಾಷೆಯ ಮಾತಾಗಿ, ಗಂಡನ ಮೂಲಕ ದೋಣಿ ರಿಪೇರಿಯ ಯಾರ್ಡಿಗೂ ಹೋಗಿ, ಅಲ್ಲಿಂದ ಒಂದು ಅಡ್ಡಹೆಸರಾಗಿ ಮನೆಗೆ ವಾಪಸು ಬಂದಿತ್ತು: ಫ್ಯೂಸಮ್ಮ.

ಯಾರ್ಡಿನಲ್ಲಿ ಅವಳು ಎಲೆಕ್ಟ್ರಿಷಿಯನ್. ನಗರದಲ್ಲಿ ಹುಟ್ಟಿ ನಗರದಲ್ಲೇ ಓದಿದವಳು. ಡಿಪ್ಲೊಮಾ ಮುಗಿಸಿ ಲಿಫ್ಟ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಎತ್ತರದ ಕಟ್ಟಡಗಳ ನೆತ್ತಿಯ ಮೇಲಿನ ಬಿಸಿ ಕೋಣೆಗಳಲ್ಲಿ, ಗ್ರೀಸು ಮೆತ್ತಿದ ಉಕ್ಕಿನ ಹಗ್ಗಗಳ ನಡುವೆ, ಅವಳಿಗೆ ಮೊದಲು ಕಲಿಸಿದ್ದೇ ಲಿಫ್ಟನ್ನು ನಿಲ್ಲಿಸುವುದು ಹೇಗೆ ಎಂದು. ಓಡಿಸುವುದನ್ನು ಕಲಿಸಿದ್ದು ಆಮೇಲೆ. ಮದುವೆಯಾದ ಮೇಲೆ ಗಂಡನ ಊರಿಗೆ ಬಂದಳು. ಆ ಊರಿನಲ್ಲಿ ಲಿಫ್ಟ್ ಹತ್ತುವಷ್ಟು ಎತ್ತರದ ಮನೆಗಳಿರಲಿಲ್ಲ, ದೋಣಿಗಳಿದ್ದವು. ಗಂಡ ಅದೇ ಯಾರ್ಡಿನಲ್ಲಿ ಹಗ್ಗಗಳ ಕೆಲಸದವನು. ತುದಿ ಹೆಣೆಯುವುದು, ಕುಣಿಕೆ ಹಾಕುವುದು, ಕಂಬಕ್ಕೆ ಹಾಯಿ ಏರಿಸುವುದು ಅವನ ಪಾಲು. "ನಮ್ಮಿಬ್ಬರ ಅನ್ನಾನೂ ಒಂದೇ ಒಲೆ ಮೇಲಿದೆ" ಎಂದು ಅವನು ಆಗಾಗ ಹೇಳುತ್ತಿದ್ದ. ಒಲೆ ಆರಿಸುವಂಥ ಮಾತು ಯಜಮಾನರ ಮುಂದೆ ಆಡಬೇಡ ಎಂಬುದು ಅದರ ಅರ್ಥ.

ಈ ಸಲದ ಕೆಲಸ ಹಲ್ಲಿನ ಡಾಕ್ಟರೊಬ್ಬರ ದೋಣಿಯದು. ಪ್ರಾಕ್ಟೀಸು ಬಿಟ್ಟು ಹೆಂಡತಿಯೊಂದಿಗೆ ದೋಣಿಯಲ್ಲಿ ಊರೂರು ತಿರುಗುವ ಹಿರಿಯರು. ಬಲಭುಜ ಕೈಕೊಟ್ಟಿತ್ತು. "ಜೀವಮಾನವೆಲ್ಲ ಜನರ ಹಲ್ಲು ಕಿತ್ತೆನಲ್ಲಮ್ಮಾ, ಅವರ ಶಾಪವೆಲ್ಲ ಒಟ್ಟಾಗಿ ಇಲ್ಲಿ ಬಂದು ಕೂತಿದೆ" ಎಂದು ಭುಜ ತೋರಿಸಿ ನಕ್ಕಿದ್ದರು. ಹಾಯಿಯ ಹಗ್ಗ ಸುತ್ತಿ ಎಳೆಯಲು ದೋಣಿಯಲ್ಲಿ ಚಿಕ್ಕ ಡೋಲಿನಂಥ ಉಕ್ಕಿನ ಉರುಳೆಗಳಿರುತ್ತವೆ, ಅವೇ ವಿಂಚುಗಳು. ಅಲ್ಲಿಯವರೆಗೂ ಹಿಡಿಕೆ ಹಾಕಿ ಕೈಯಲ್ಲೇ ತಿರುಗಿಸುತ್ತಿದ್ದರು. ಈಗ ಅವುಗಳ ಜಾಗದಲ್ಲಿ ಮೋಟರಿನ ವಿಂಚುಗಳು ಬೇಕಾಗಿದ್ದವು. ಗುಂಡಿ ಒತ್ತಿದರೆ ಸಾಕು, ಹಗ್ಗ ತಾನೇ ಸುತ್ತಿಕೊಳ್ಳಬೇಕು.

ಅವಳು ಆ ಕೆಲಸವನ್ನು ಮನಸಿಟ್ಟು ಮಾಡಿದ್ದಳು. ಡೆಕ್ಕಿನಲ್ಲಿ ತೂತು ಕೊರೆದು, ಒಳಗಿನ ಮರಕ್ಕೆ ನೀರು ಇಳಿಯದಂತೆ ತೂತಿನ ಒಳಮೈಗೆಲ್ಲ ಅಂಟು ಬಳಿದಿದ್ದಳು. ಮನುಷ್ಯರು ಮಲಗಲಾಗದಂಥ ಇಕ್ಕಟ್ಟಿನಲ್ಲಿ ಮಗ್ಗುಲಾಗಿ ಮಲಗಿ, ಮೋಟರನ್ನು ಎದೆಯ ಮೇಲಿಟ್ಟುಕೊಂಡು ಕೆಳಗಿನಿಂದ ಬೋಲ್ಟು ಬಿಗಿದಿದ್ದಳು. ಹೆಬ್ಬೆರಳು ಗಾತ್ರದ ಕೇಬಲುಗಳನ್ನು ಬ್ಯಾಟರಿಯ ತನಕ ಎಳೆದಿದ್ದಳು. ಆಸನದ ಅಂಚಿನಲ್ಲಿ ಗುಂಡಿಗಳು, ಪ್ರತಿ ಗುಂಡಿಗೂ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗಿನ ಮುಚ್ಚಳ. ಚುಕ್ಕಾಣಿಯ ಪಕ್ಕದಲ್ಲೇ, ಕಣ್ಣುಮುಚ್ಚಿ ಕೈ ಚಾಚಿದರೂ ಸಿಗುವಂತೆ, ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ಕೆಂಪು ಹಿಡಿಕೆ. ಕೈಯಿಂದ ತಿರುಗಿಸುವವನಿಗೆ ಸುಸ್ತಾಗುತ್ತದೆ, ಏನೋ ಸಿಕ್ಕಿಕೊಂಡಿತು ಎಂದು ಕೈಗೆ ತಿಳಿಯುತ್ತದೆ. ಮೋಟರಿಗೆ ಸುಸ್ತೂ ಇಲ್ಲ, ಸ್ಪರ್ಶವೂ ಇಲ್ಲ. ಹಗ್ಗವೋ ಬೆರಳೋ ಅದಕ್ಕೆ ಒಂದೇ.

ಕೆಲಸ ನಡೆಯುತ್ತಿದ್ದಾಗ ಒಮ್ಮೆ ಡಾಕ್ಟರ ಮಗಳು ತನ್ನ ಪುಟ್ಟ ಹುಡುಗಿಯೊಂದಿಗೆ ನೋಡಲು ಬಂದಿದ್ದಳು. ಹುಡುಗಿ ಹೊಳೆಯುವ ವಿಂಚನ್ನು ಕಂಡವಳೇ ಓಡಿಹೋಗಿ ಎರಡೂ ತೋಳಿನಿಂದ ಕೊಡ ತಬ್ಬುವಂತೆ ತಬ್ಬಿ, ಕೆನ್ನೆಯನ್ನು ಅದಕ್ಕೆ ಆನಿಸಿ, "ತಣ್ಣಗಿದೆ ತಾತಾ!" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಏಕೆಂದರೆ ಆಗ ಬ್ಯಾಟರಿಯ ತಂತಿ ಇನ್ನೂ ಜೋಡಿಸಿರಲಿಲ್ಲ.

ಆಮೇಲೆ ಮಗುವಿಗೆ ಲಸಿಕೆ ಹಾಕಿಸಲು ರಜೆ ಹಾಕಿದಳು. ಅಷ್ಟರಲ್ಲೇ ಆಗಬಾರದ್ದು ಆಗಿಹೋಗಿತ್ತು.

ಕೆಲಸಕ್ಕೆ ಮರಳಿದ ದಿನ, ಎಂದರೆ ನಿನ್ನೆ, ದೋಣಿ ಹತ್ತಿದಾಗ ಮೆತ್ತೆ ಹೊಲಿಯುವ ದರ್ಜಿ ಹೊಸ ಮೆತ್ತೆಗಳನ್ನು ಹಾಸುತ್ತಿದ್ದ. ಹಾಸಿದ, ತಟ್ಟಿದ, "ಹೇಗಿದೆ ನೋಡೋಣ" ಎಂದು ಅದರ ಮೇಲೆ ಕೂತ. ಕೂತದ್ದೇ ತಡ, ಪಕ್ಕದ ವಿಂಚು ಗುರ್ರೆಂದು ತಿರುಗತೊಡಗಿತು. ಅವಳ ಕೈ ತಾನಾಗಿಯೇ ಕೆಂಪು ಹಿಡಿಕೆಯತ್ತ ಹಾರಿತು. ಹಿಡಿಕೆ ಇರಲಿಲ್ಲ. ಅದಿದ್ದ ಜಾಗದಲ್ಲಿ ನುಣ್ಣಗೆ ಉಜ್ಜಿ ಪಾಲಿಶ್ ಹಾಕಿದ ಮರದ ತೇಪೆ ಇತ್ತು. ಅವಳ ಬೆರಳುಗಳು ಆ ತೇಪೆಯ ಮೇಲೆ ಹುಡುಕಾಡಿದವು. ದರ್ಜಿ ಬೆಚ್ಚಿ ಎದ್ದ, ವಿಂಚು ನಿಂತಿತು.

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಯ್ಯಾ, ನಿನ್ನ ಕುಂಡೆಗೆ ಕರೆಂಟ್ ಬಂದಿದೆ!" ಎಂದು ಬಡಗಿ ಕೂಗಿದ. ಯಾರ್ಡಿನ ಯಜಮಾನರೂ ನಗುತ್ತಲೇ ಬಂದರು.

ಸಂಗತಿ ಸರಳವಾಗಿತ್ತು. ಮುಚ್ಚಳಗಳು ತುಸು ಉಬ್ಬಿಕೊಂಡಿದ್ದರಿಂದ ಮೆತ್ತೆ ಸಮನಾಗಿ ಕೂರುತ್ತಿರಲಿಲ್ಲ. ಯಜಮಾನರು ಮುಚ್ಚಳ ಕೀಳಿಸಿದ್ದರು. ಕೆಂಪು ಹಿಡಿಕೆ ಚೆಂದದ ಮರದ ಪಕ್ಕ ಗಾಯದಂತೆ ಕಾಣುತ್ತಿತ್ತು. ಅದನ್ನು ಬಿಚ್ಚಿಸಿ ಕೆಳಗಿನ ಕೋಣೆಯಲ್ಲಿ, ಮೆಟ್ಟಿಲ ಹಿಂದಿನ ಗೂಡಿನಲ್ಲಿ ಹಾಕಿಸಿದ್ದರು.

"ಯಜಮಾನ್ರೇ, ಇದು ಹೀಗೆ ಹೋಗಬಾರದು" ಎಂದಳು ಅವಳು.

"ಹೋಗಲ್ಲ ಹೋಗಲ್ಲ. ಗುಂಡಿ ಇರೋ ಕಡೆ ಮೆತ್ತೆ ಸ್ಪಂಜಲ್ಲಿ ಒಂದು ತೂತು ಮಾಡಿಸ್ತೀನಿ. ಕೂತರೂ ಒತ್ತಲ್ಲ."

"ಸ್ಪಂಜು ನೀರು ಕುಡಿದರೆ ಜಾರುತ್ತೆ. ಅಲೆಗೆ ಕುಶನ್ ಪಕ್ಕಕ್ಕೆ ಸರಿಯುತ್ತೆ. ಮಗು ಇದೆ ಆ ದೋಣೀಲಿ! ಮೇಲೆ ಏನಾದ್ರೂ ಸಿಕ್ಕಿಕೊಂಡ್ರೆ ಮೆಟ್ಟಿಲಿಳಿದು, ಗೂಡು ತೆಗೆದು, ಹಿಡಿಕೆ ಹುಡುಕೋವಷ್ಟರಲ್ಲಿ..."

"ನೋಡಮ್ಮಾ," ಯಜಮಾನರು ದನಿ ತಗ್ಗಿಸಿದರು. ಹುಚ್ಚರನ್ನು ಸಮಾಧಾನ ಮಾಡುವ ದನಿ. "ನೀನು ಈಗಷ್ಟೇ ತಾಯಿಯಾಗಿದ್ದೀಯ. ತಾಯಿ ಕಣ್ಣಿಗೆ ಚಮಚಾನೂ ಚೂರೀನೇ. ತಪ್ಪಲ್ಲ ಅದು, ಸಹಜ. ಮನೆಗೆ ಹೋಗಿ ಮಗೂನ ನೋಡ್ಕೋ."

"ನಾನು ತಾಯಿಯಾಗೋಕೆ ಮುಂಚೇನೂ ಲಿಫ್ಟಿಗೆ ಸ್ಟಾಪ್ ಸ್ವಿಚ್ ಹಾಕ್ತಿದ್ದೆ!"

"ಹಾಕಿದ್ದೆ, ಸರಿ. ಇದು ಲಿಫ್ಟಲ್ಲ. ಗಿರಾಕಿ ಹತ್ರ ಮಾತಾಡೋನು ನಾನು. ನೆನಪಿರಲಿ."

ಅದು ಯಾರ್ಡಿನ ಕಟ್ಟಳೆ. ಕೆಲಸದವರು ಯಾರೂ ದೋಣಿಯ ಒಡೆಯರೊಂದಿಗೆ ನೇರ ಮಾತಾಡುವಂತಿಲ್ಲ. ಹಿಂದೊಮ್ಮೆ ವೆಲ್ಡರ್ ಒಬ್ಬ ಹಾಗೆ ಫೋನು ಮಾಡಿ, ಆ ಸಂಜೆಯೇ ಗೇಟಿನ ಆಚೆ ನಿಂತಿದ್ದ.

ಇವತ್ತು ವಾರದ ರಜೆ. ಮಧ್ಯಾಹ್ನ ಭರತಕ್ಕೆ ನೀರು ಏರುವ ಹೊತ್ತಿಗೆ ಡಾಕ್ಟರ ದೋಣಿ ಹೊರಡುವುದಿತ್ತು, ಮಗಳು ಮೊಮ್ಮಗಳ ಸಮೇತ.

ರಾತ್ರಿಯಿಡೀ ಅವಳನ್ನು ಸುಟ್ಟದ್ದು ಬರೀ ಭಯವಲ್ಲ. ಭಯ ಅವಳಿಗೆ ಹಳೆಯ ಪರಿಚಯ, ಅದರ ಜೊತೆ ಮಲಗಿ ಏಳುವುದು ರೂಢಿಯಾಗಿತ್ತು. ಸುಟ್ಟದ್ದು ಆ ಮಾತು. ತಾಯಿಯಾಗುವುದೆಂದರೆ ಬುದ್ಧಿಗೆ ಬರುವ ನೆಗಡಿಯೇ? ಅವಳು ಕಿಟಕಿಯ ಚಿಲಕಕ್ಕೆ ಹೆದರಿದ್ದು ನಿಜ, ಸೀನಿಗೆ ಹೆದರಿದ್ದೂ ನಿಜ. ಹಾಗೆಂದ ಮಾತ್ರಕ್ಕೆ ಕಣ್ಣೆದುರು ತಿರುಗಿದ ವಿಂಚು ಸುಳ್ಳಾಗುತ್ತದೆಯೇ? ಗಂಡಸರೆಲ್ಲ ನಗುತ್ತ ನಿಂತರೆ ಮೋಟರೂ ನಕ್ಕು ಸುಮ್ಮನಾಗುತ್ತದೆಯೇ? ಆದರೂ ಒಳಗೊಂದು ಸಣ್ಣ ದನಿ ಕುಟುಕುತ್ತಿತ್ತು: ಇದೂ ನಿನ್ನ ಸೀನಿನ ಲೆಕ್ಕವೇ ಇರಬಹುದಲ್ಲ? ಆ ದನಿಯನ್ನು ತನ್ನೊಳಗೆ ಬಿತ್ತಿದ್ದಕ್ಕಾಗಿ ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಯಜಮಾನರ ಮೇಲೆ, ಬಡಗಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನಿನ್ನೆ ಅಲ್ಲೇ ಹಗ್ಗ ಹೆಣೆಯುತ್ತ ಕೂತು ತಲೆ ಎತ್ತದ ಗಂಡನ ಮೇಲೆ.

"ನೀವಾದ್ರೂ ಒಂದು ಮಾತು ಹೇಳಬಹುದಿತ್ತು" ಎಂದಳು ಚಮಚ ಕೆಳಗಿಟ್ಟು, ಗಂಡನಿಗೆ. ಅವನು ಮೂಲೆಯಲ್ಲಿ ಕೂತು ಮಗುವಿನ ಅಂಗಿಯ ಗಂಟು ಬಿಡಿಸುತ್ತಿದ್ದ.

"ಹೇಳಿ? ಇಬ್ಬರೂ ಮನೇಲಿ ಕೂರೋದಾ?"

"ನಿಮ್ಮ ಕಣ್ಣೆದುರೇ ತಿರುಗಿತಲ್ರೀ."

"ತಿರುಗಿತು. ಸ್ಪಂಜಲ್ಲಿ ತೂತು ಮಾಡ್ತೀನಿ ಅಂದ್ರಲ್ಲ."

"ಮಾಡಿದ್ರಾ?"

ಗಂಟು ಬಿಡಿಸುವವನ ಬೆರಳು ನಿಂತಿತು. "ಸಂಜೆ ದರ್ಜಿ ಬೇಗ ಹೊರಟುಬಿಟ್ಟ" ಎಂದ ಕೊನೆಗೆ, ನೆಲ ನೋಡುತ್ತ.

"ಅಂದ್ರೆ ಅದೂ ಇಲ್ಲ!" ಅವಳ ದನಿಗೆ ಮಗು ಬೆಚ್ಚಿ ತುಟಿ ಸೊಟ್ಟ ಮಾಡಿತು.

"ಅದೇನು ವಿಂಚೋ ಗಿಂಚೋ, ನನಗೂ ಸ್ವಲ್ಪ ಹೇಳ್ರೋ" ಎಂದು ಅತ್ತೆ ಒಳಗೆ ಬಂದು ಮಗುವನ್ನೆತ್ತಿಕೊಂಡರು. ಅವಳು ಹೇಳಿದಳು. ಸಿಟ್ಟಿನಲ್ಲಿ ಮಾತುಗಳು ಒಂದರ ಮೇಲೊಂದು ಬಿದ್ದವು. ಅತ್ತೆ ಮಗುವಿನ ಬಾಯಿ ಒರೆಸುತ್ತ ಪೂರ್ತಿ ಕೇಳಿದರು.

"ಅಲ್ವೇ, ನಮ್ಮ ಮಿಕ್ಸೀನೂ ಜಾರ್ ಸರಿಯಾಗಿ ಕೂರಿಸದೆ ಹೋದ್ರೆ ತಿರುಗಲ್ಲ. ಅಷ್ಟು ದೊಡ್ಡ ದೋಣಿಗೆ ಚಟ್ನಿ ಅರೆಯೋಷ್ಟು ಬುದ್ಧೀನೂ ಬೇಡ್ವಾ?" ಎಂದರು. ಮಗನತ್ತ ತಿರುಗಿದರು. "ಏನೋ, ನಿಮ್ಮ ಯಜಮಾನ್ರ ಮೊಮ್ಮಗು ಆ ದೋಣೀಲಿ ಹೋಗೋದಿದ್ರೆ ಮುಚ್ಚಳ ಕೀಳಿಸ್ತಿದ್ರಾ?"

"ಅಮ್ಮಾ, ಕೆಲಸ ಹೋದ್ರೆ..."

"ಹೋದ್ರೆ ಹೋಗುತ್ತೆ. ಕೆಲಸ ಹೋದ ಮನೆಗಳನ್ನ ನೋಡಿದ್ದೀನಿ, ಎದ್ದು ನಿಂತಿವೆ. ಇವಳು ಬೇಡದ್ದಕ್ಕೆಲ್ಲ ಹೆದರ್ತಾಳೆ, ನಾನೇ ದಿನಾ ಬೈತೀನಿ. ಇವತ್ತು ಬೈಯೋಕೆ ನನಗೆ ಏನೂ ಸಿಕ್ತಿಲ್ಲ."

ಗಂಡ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟ. ಆಮೇಲೆ, "ಡಾಕ್ಟರ ನಂಬರ್ ನಿನ್ನ ಹತ್ರ ಇದೆಯಲ್ಲ. ಬ್ಯಾಟರಿ ಬಗ್ಗೆ ಕೇಳೋಕೆ ಒಂದ್ಸಲ ಅವರೇ ಮಾಡಿದ್ರು" ಎಂದ.

ಅವಳು ಫೋನು ಕೈಗೆತ್ತಿಕೊಂಡಳು. ಮಗು ಸೀನಿದಾಗ ಮಕ್ಕಳ ಡಾಕ್ಟರಿಗೆ ಮಾಡುತ್ತಿದ್ದ ಫೋನುಗಳು ನೆನಪಾದವು. ಆಗೆಲ್ಲ ಅವಳು "ತೊಂದರೆ ಕೊಡ್ತಿದ್ದೀನಿ, ಕ್ಷಮಿಸಿ" ಎಂದೇ ಮಾತು ಶುರುಮಾಡುತ್ತಿದ್ದಳು. ಈಗ ನಾಲಿಗೆ ಆ ಮಾತನ್ನು ಹುಡುಕಲೇ ಇಲ್ಲ.

ಆ ಕಡೆ ಗಾಳಿಯ ಸದ್ದು, ಯಾರದೋ ನಗು, ತಟ್ಟೆಗಳ ಸದ್ದು. "ಯಾರು? ಓ, ನೀನಾ ಅಮ್ಮಾ! ಇನ್ನೇನು ಹೊರಡೋದರಲ್ಲೇ ಇದ್ದೀವಿ."

"ಹೊರಡಬೇಡಿ ಸಾರ್. ಮೊದಲು ಮಗೂನ ಹಿಂದಿನ ಸೀಟಿಂದ ಎಬ್ಬಿಸಿ."

"ಯಾಕೆ? ಏನಾಯ್ತು? ನಿಮ್ಮ ಯಜಮಾನ್ರು ಎಲ್ಲಾ ಸರಿ ಇದೆ ಅಂದ್ರಲ್ಲ?"

"ಸರಿ ಇಲ್ಲ. ವಿಂಚು ಕೂರಿಸಿದೋಳು ನಾನು, ನಾನು ಹೇಳ್ತಿದ್ದೀನಿ. ನೀವು ಕೂತಿರೋ ಕುಶನ್ ಕೆಳಗೆ ಸ್ವಿಚ್ ಇದೆ. ಅದಕ್ಕೆ ನಾನು ಮುಚ್ಚಳ ಹಾಕಿದ್ದೆ, ತೆಗೆಸಿದ್ದಾರೆ. ಮಗೂನ ಎತ್ಕೊಂಡ್ರಾ?"

ಆ ಕಡೆ ನಗು ನಿಂತಿತು. ಡಾಕ್ಟರು ಫೋನನ್ನು ಬದಿಗೆ ಹಿಡಿದು ಮಗಳನ್ನು ಕೂಗಿದ್ದು ಕೇಳಿಸಿತು. ಪುಟ್ಟ ಹುಡುಗಿ "ನಾನು ಇಲ್ಲೇ ಕೂರ್ತೀನಿ" ಎಂದು ಹಟ ಮಾಡಿದ್ದೂ, ಆ ಹಟ ದೂರ ಸರಿದದ್ದೂ ಕೇಳಿಸಿತು.

"ಎತ್ಕೊಂಡ್ವಿ. ಈಗ?"

"ಈಗ ಕೆಳಗೆ ಹೋಗಿ. ಮೆಟ್ಟಿಲ ಹಿಂದೆ ಒಂದು ಗೂಡಿದೆ, ಬಾಗಿಲು ತೆಗೀರಿ. ಒಳಗೆ ಕೆಂಪು ಹಿಡಿಕೆ ಇದೆ, ತಿರುಗಿಸಿ ಆಫ್ ಮಾಡಿ. ನಾನು ಲೈನಲ್ಲೇ ಇರ್ತೀನಿ."

ಮೆಟ್ಟಿಲಿಳಿಯುವ ಭಾರದ ಹೆಜ್ಜೆಗಳು. ಮರದ ಬಾಗಿಲೊಂದು ಕಿರುಗುಟ್ಟಿತು. "ಎಲ್ಲಿದೆಯಮ್ಮಾ, ಕತ್ತಲೆ ಇಲ್ಲಿ... ತಡಿ... ಇದು ಬೇರೇನೋ..." ಹುಡುಕಾಟ ನಡೆದೇ ಇತ್ತು. ಅವಳು ಎದ್ದು ನಿಂತಿದ್ದಳು. ಅತ್ತೆ, ಗಂಡ ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಸಿಕ್ತು. ಆಫ್ ಮಾಡಿದೆ." ಡಾಕ್ಟರು ಏದುಸಿರು ಬಿಡುತ್ತಿದ್ದರು. "ಇಷ್ಟು ಹೊತ್ತು ಬೇಕಾಯ್ತಲ್ಲಮ್ಮಾ ಇದನ್ನ ಹುಡುಕೋಕೆ."

"ಹೌದು ಸಾರ್," ಎಂದಳು ಅವಳು. "ಅದಕ್ಕೇ ಫೋನ್ ಮಾಡಿದ್ದು."