ಗಾಳ ಹಾಕುವವರಿಗೆ ನಾನು ದಾರಿ ತೋರಿಸಿದ್ದು

ನಾನು ಎರಡನೇ ಇಯತ್ತೆ ಓದಿದವಳು. ಬರೆಯುವುದು ನಿಧಾನ, ಮಾತು ಜೋರು. ಆ ಜೋರು ಮಾತಿನಿಂದಲೇ ಹೋದ ಬೇಸಿಗೆಯಲ್ಲಿ ಗೈಡ್ ಆದೆ.

ನಮ್ಮದು ಸಿದ್ದಾಪುರದ ಕಡೆ, ಮನ್ಮನೆ ಹತ್ತಿರದ ಊರು. ಸೊಸೆ ಮನೆ ಪಕ್ಕ ಎರಡು ಕೋಣೆ ಕಟ್ಟಿಸಿ ಹೋಂಸ್ಟೇ ಎಂದು ಬೋರ್ಡು ಹಾಕಿದ್ದಳು. ಮೂರು ತಿಂಗಳಾದರೂ ಆ ಕೋಣೆಯಲ್ಲಿ ಮಲಗಿದ್ದು ನಮ್ಮ ಬೆಕ್ಕು ಮಾತ್ರ. ಕಡೆಗೆ ಹುಬ್ಬಳ್ಳಿಯಿಂದ ರಿಟೈರ್ ಆದ ಮಾಸ್ತರರೊಬ್ಬರು ಫೋನ್ ಮಾಡಿದರು. ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಮಾಸ್ತರರಿಗೆ ಕೆರೆಯಲ್ಲಿ ಗಾಳ ಹಾಕಬೇಕು, ಜಾಗ ಗೊತ್ತಿದ್ದವರು ಜೊತೆಗಿರಬೇಕು, ಗಲಾಟೆ ಇರಬಾರದು. ಚೆನ್ನಾಗಿ ಆದರೆ ಗೆಳೆಯರನ್ನೂ ಕಳಿಸುತ್ತಾರಂತೆ. ಇವರೂ ಬೇಜಾರಾಗಿ ಹೋದರೆ ಬೋರ್ಡು ಇಳಿಸಿಬಿಡುತ್ತೇನೆ ಎಂದು ಸೊಸೆ ಹೇಳಿದ್ದಳು.

"ಶಿರಸಿಲಿ ಗಾಳ ಹಾಕ್ಸೋರು ಒಬ್ರಿದಾರೆ ಅತ್ತೆ, ಅವ್ರನ್ನ ಕರೀತೆ" ಅಂದಳು.

"ಶಿರಸಿಯವಂಗೆ ನಮ್ ಕೆರೆ ಎಂತ ಗೊತ್ತದೆ? ನಾ ಅದೇ ಕೆಸರಲ್ಲಿ ಐವತ್ತು ವರ್ಷ ಕೂಣಿ ಊರಿದವಳು."

"ಕೂಣಿ ಸರಿ. ನೀವು ಗಾಳ ಹಿಡಿದಿದ್ದು ಯಾರು ಕಂಡಿದಾರೆ?"

"ಗಾಳಕ್ಕೊಂದು ಮೀನು, ಕೂಣಿಗೊಂದು ಮೀನು ಅಂತ ಬೇರೆ ಇರ್ತದನೇ?"

ಕೂಣಿ ಎಂದರೆ ಬಿದಿರು ಕಡ್ಡಿಯ ಬುಟ್ಟಿ, ಅದಕ್ಕೆ ತಳವಿಲ್ಲ, ತಲೆಯಲ್ಲೊಂದು ತೂತು. ಕೆಸರಿಗೆ ಊರಿ, ಮೇಲಿನ ತೂತಿನಿಂದ ಕೈಹಾಕಿ ಸಿಕ್ಕ ಮೀನು ತೆಗೆಯುವುದು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿಗೆ ಊರೇ ಕೂಣಿ ಹಿಡಿದು ಕೆರೆಗೆ ಇಳಿಯುತ್ತದೆ. ಅದೇ ಕೆರೆಬೇಟೆ. ಅದರಲ್ಲಿ ಬುದ್ಧಿ ಬೇಡ, ಸೊಂಟದಲ್ಲಿ ಶಕ್ತಿ ಇದ್ದರೆ ಸಾಕು. ನನಗೆ ಗೊತ್ತಿದ್ದ ಮೀನುಗಾರಿಕೆ ಅಷ್ಟೇ.

ಒಂದು ವಾರ ಮೊದಲೇ ತಯಾರಿ ಶುರು ಮಾಡಿದೆ. ಕ್ಯಾಲೆಂಡರಿನಲ್ಲಿ ಆದಿತ್ಯವಾರಕ್ಕೆ ಸುತ್ತು ಹಾಕಿದೆ. ಬಚ್ಚಲ ನೀರು ಹೋಗುವ ಬಾಳೆಬುಡ ಅಗೆದು ಡಬ್ಬಿ ತುಂಬ ಎರೆಹುಳ ತುಂಬಿದೆ. ನೇರಳೆ ಮರದ ನೆರಳಿನ ಮೂಲೆಯಲ್ಲಿ ಕೂರಲು ಕಲ್ಲು ಜೋಡಿಸಿದೆ. ಆಮೇಲೆ ನೆನಪಾಯಿತು: ದಂಡೆಯ ಚೌಡಿಗೆ ಕಾಯಿ ಒಡೆಯದೆ ನಮ್ಮಲ್ಲಿ ಯಾರೂ ಮೀನಿಗೆ ಇಳಿಯುವುದಿಲ್ಲ. ಪರವೂರಿನವರು ಕಾಲು ಜಾರಿ ಬಿದ್ದರೆ ಎಂದು ಪೂಜಾರಿ ಮನೆಗೆ ಹೋದೆ.

"ಆದಿತ್ಯವಾರ ಬೆಳಿಗ್ಗೆ ಕೆರೆ ಚೌಡಿಗೆ ಒಂದು ಕಾಯಿ ಒಡೆಯೋ."

"ಈ ವರ್ಷ ಇಷ್ಟು ಬೇಗ್ನಾ ಅಕ್ಕಾ?"

"ಬೇಗ ಎಂತದಾ? ನೀರು ಸೊಂಟಕ್ಕೆ ಬಂದದೆ. ಒಡಿ."

ಪ್ರತಿ ವರ್ಷ ಊರವರು ಕೂತು ಕೆರೆಬೇಟೆಯ ದಿನ ಗೊತ್ತು ಮಾಡಿದ ಮೇಲೆ, ಪೂಜಾರಿಗೆ ಕಾಯಿ ಹೇಳಿ ಬರುವುದು ನಮ್ಮ ಮನೆಯ ಕೆಲಸ, ಅದನ್ನು ಸುತ್ತಲ ಊರಿಗೆಲ್ಲ ಸಾರುವುದು ಪೂಜಾರಿಯ ಕೆಲಸ. ಗಂಡ ಹೋದ ಮೇಲೆ ನಾನೇ ಹೇಳುತ್ತಾ ಬಂದವಳು. ಆ ದಿನ ಮಾತ್ರ ಅದು ನನ್ನ ತಲೆಗೆ ಹೊಳೆಯಲಿಲ್ಲ. ತಲೆ ತುಂಬ ಎರೆಹುಳವೇ ಇತ್ತು.

ಆದಿತ್ಯವಾರ ಪೂಜಾರಿ ಕಾಯಿ ಒಡೆದ. ಮಾಸ್ತರರು ಕಲ್ಲಿನ ಮೇಲೆ ಕೂತು ಗಾಳ ಎಸೆದರು, ಅವರ ಹೆಂಡತಿಯೂ ನನ್ನ ಸೊಸೆಯೂ ನೆರಳಲ್ಲಿ ಕೂತರು. ಎಂಥ ಚೆಂದದ ಕೋಲು! ನಾನು ಹಿಂದೆ ಕೈಕಟ್ಟಿ, ಎಲ್ಲ ಬಲ್ಲವಳ ಹಾಗೆ ನಿಂತೆ. ಅಷ್ಟರಲ್ಲಿ ದಂಡೆಯ ಆಚೆ ಎರಡು ಟೆಂಪೋ ನಿಂತವು. ಕೂಣಿ ಹೊತ್ತ ಜನ, ನಮ್ಮೂರವರು, ಪಕ್ಕದೂರವರು, ಹೋ ಎಂದು ಕೂಗುತ್ತ ಕೆರೆಗೆ ಹಾರಿದರು. ಗಾಳದ ಬೆಂಡು ಎಲ್ಲಿ ಹೋಯಿತೋ ಕಾಣಲಿಲ್ಲ.

"ಇದೇನ್ರೀ ಅಮ್ಮಾರ? ಗದ್ದಲ ಇರೂದಿಲ್ಲ ಅಂದಿದ್ರಲ್ಲ?"

"ಈಗ ಹೋಗ್ತಾರೆ" ಅಂದೆ. ಕೊನೆಯ ಮೀನು ಸಿಗುವವರೆಗೆ ಒಬ್ಬನೂ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ನೀರಿನಿಂದ ನಾದಿನಿ ಕೂಗಿದಳು: "ಅತ್ಗೇ, ಕಾಯಿ ಒಡ್ಸಿ ದಂಡೆ ಮೇಲೆ ಎಂತಕ್ಕೆ ನಿಂತ್ಯೇ? ಸೀರೆಗೆ ಕೆಸರು ತಾಗ್ತದಾ?"

ಆಗ ನನಗೆ ನಾನು ಮಾಡಿದ್ದು ತಿಳಿಯಿತು. ತಿಳಿದವಳು ಸುಮ್ಮನೆ ನಿಂತಿದ್ದರೂ ಮರ್ಯಾದೆ ಉಳಿಯುತ್ತಿತ್ತು. ಕಾಲ ಬುಡದಲ್ಲೇ ದೊಡ್ಡ ಗೌರಿ ಮೀನೊಂದು ಹೊರಳಿತು. ಮಾಸ್ತರರನ್ನು ಕಲ್ಲಿನ ಮೇಲೆ ಬಿಟ್ಟು, ಸೀರೆ ಎತ್ತಿ ಕಟ್ಟಿ, ನಾದಿನಿಯ ಕೂಣಿ ಕಸಿದುಕೊಂಡು ಇಳಿದೇಬಿಟ್ಟೆ. ಮೀನು ಸಿಗಲಿಲ್ಲ. ತೊಡೆಮಟ್ಟ ಹೂತುಹೋದೆ. ಎಳೆದು ತೆಗೆದದ್ದು ಮಾಸ್ತರರ ಹೆಂಡತಿ ಮತ್ತು ನನ್ನ ಸೊಸೆ.

ಊರವರು ಕೊಟ್ಟ ಪಾಲಿನ ಮೀನಿನಲ್ಲಿ ಸಾರು ಮಾಡಿದೆ. ಮಾಸ್ತರರು ಮೂರು ಸಲ ಬಡಿಸಿಕೊಂಡರು. ಮರುದಿನ ಹೊರಡುವಾಗ ಸೊಸೆಗೆ ಹೇಳಿದರು: "ಊಟ ಭಾಳ ಚಲೋ ಇತ್ತವ್ವಾ. ಮಳಿಗಾಲ ಮುಗದ ಮ್ಯಾಲೆ ಗೆಳ್ಯಾರನ್ನೂ ಕರ್ಕೊಂಡು ಬರ್ತೇವಿ. ಆದ್ರ ಗೈಡ್ ಬ್ಯಾರೇದವ್ರು ಇರಲಿ."

ಸೊಸೆ ನನ್ನೆದುರಿಗೇ ಶಿರಸಿಯವರಿಗೆ ಫೋನ್ ಹಚ್ಚಿದಳು. ಬೋರ್ಡು ಉಳಿಯಿತು, ನನ್ನ ಗೈಡ್ ಕೆಲಸ ಒಂದೇ ದಿನಕ್ಕೆ ಮುಗಿಯಿತು. ಬೇಸರವೇನಿಲ್ಲ. ಕೊಕ್ಕೆಗೆ ಹುಳ ಚುಚ್ಚುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.