ಗಳಿಗೆ ಮುರಿದ ಹಸಿರು ಸೀರೆ

ಬೆಚ್ಚಗಿನ ಗಂಜಿಗೆ ಒಂದು ಸಣ್ಣ ಹುಳಿ ವಾಸನೆ ಇರುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಸೀರೆಗಳಿಗೆ ಗಂಜಿ ಹಾಕುತ್ತೇನೆ. ಎಂಟಕ್ಕೆ ಅವು ಹಗ್ಗದ ಮೇಲಿರಬೇಕು. ಮೊನ್ನೆ ಅದೇ ಹೊತ್ತಿಗೆ ಸೊಸೆ ಗೀತಾ ಒಂದು ಹಾಳೆ ಹಿಡಿದು ಹಿತ್ತಲಿಗೆ ಬಂದಳು. ಜಮಖಂಡಿಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗಿಯರು ಏನೋ ಸಂಚಿಕೆ ತರುತ್ತಾರಂತೆ. ಅದಕ್ಕೆ ಕಳಿಸಿದ ಪ್ರಶ್ನೆಗಳು.

"ಏಳೂದು ಎಷ್ಟಕ್ಕರಿ?"

"ಐದಕ್ಕ."

"ಹವ್ಯಾಸ?"

"ಹೊತ್ತಿಗಿ ಸರಿಯಾಗಿ ಕೆಲಸ ಮುಗಸೂದು."

"ಅದು ಹವ್ಯಾಸ ಅಲ್ರಿ ಅತ್ತಿ, ನಮಗ ಶಿಕ್ಷಾ!" ಇಬ್ಬರೂ ನಕ್ಕೆವು. "ಮೆಚ್ಚಿನ ಬಣ್ಣ?" ಎಂದಾಗ ಮಾತ್ರ ನನ್ನ ಕೈ ಗಂಜಿಯಲ್ಲೇ ನಿಂತಿತು.

ಬನಹಟ್ಟಿಯ ನಮ್ಮ ಓಣಿಯ ಉದ್ದಕ್ಕೂ ಸೂರ್ಯ ಹುಟ್ಟುವ ಮೊದಲೇ ನೂಲಿನ ಹಾಸನ್ನು, ಅಂದರೆ ನಾಲ್ಕಾರು ಸೀರೆಗಾಗುವ ಉದ್ದೆಳೆಗಳನ್ನು, ಬಿಗಿದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡುತ್ತಿದ್ದರು. ಬಿಸಿಲು ಚುರುಕಾದರೆ ಎಳೆಗಳು ಪಟಪಟನೆ ಹರಿಯುತ್ತಿದ್ದವು. ಆದ್ದರಿಂದ ಆಯಿ, ಅಂದರೆ ಅಪ್ಪನ ತಾಯಿ, ನಮ್ಮ ಕೌದಿ ಎಳೆದೇ ಎಬ್ಬಿಸುತ್ತಿದ್ದಳು. "ಏಳ್ರಿಲೇ, ಸೂರ್ಯಾ ಏನ್ ನಿಮ್ಮ ಆಳಲ್ಲ, ಕಾಯಾಕ!" ನನ್ನ ಶಿಸ್ತೆಲ್ಲ ಅಲ್ಲಿಯದು, ಶಾಲೆ ಅದಕ್ಕೊಂದು ಗಂಟೆ ಕಟ್ಟಿತು, ಅಷ್ಟೆ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ನೇಯುತ್ತಿದ್ದ. ಅವ್ವ ರಾಟಿಯ ಮುಂದೆ ಕುಳಿತು, ಲಾಳಿಗೆ ಹಾಕುವ ಕಂಡಿಕೆಗಳಿಗೆ ಹೊಕ್ಕಿನ, ಅಂದರೆ ಅಡ್ಡೆಳೆಯ, ನೂಲು ಸುತ್ತುತ್ತಿದ್ದಳು. ಬಣ್ಣ ಯಾವುದೆಂದು ಹೇಳುವವನು ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರ. ಅವಳ ಬೆರಳ ಸಂದಿ ಒಂದು ವಾರ ಕೆಂಪು, ಒಂದು ವಾರ ನೀಲಿ; ಉಡುವುದು ಮಾತ್ರ ತವರಿನಿಂದ ಬಂದ, ಬಣ್ಣ ಹೋದ ಸೀರೆ.

ಒಂದು ದಿನ ಅವಳು, "ಈ ಹಾಸಿನ ಕಡೀ ಸೀರಿ ನನಗಿರಲಿ. ಹಸರು ಹೊಕ್ಕು ಹಾಕ್ರಿ," ಎಂದಳು. "ಮುಂದಿನ ಹಾಸಿಗೆ ನೋಡೂಣು," ಎಂದ ಅಪ್ಪ. ಈ ಉತ್ತರ ಅವಳಿಗೆ ಹಳೆಯದು. ಅವಳು ರಾಟಿ ನಿಲ್ಲಿಸಿ ಕೈಕಟ್ಟಿ ಕುಳಿತಳು. ಲಾಳಿ ಖಾಲಿಯಾಯಿತು. "ಯವ್ವಾ, ನೀನರ ಹೇಳ ಇಕಿಗಿ," ಎಂದು ಅಪ್ಪ ಆಯಿಯ ಮೊರೆಹೋದ. "ನಾ ಏನ್ ಹೇಳ್ಲಿ? ನಿಮ್ಮಪ್ಪ ನನ್ನ ಎಂದರ ಕೇಳಿದ್ನೇನು?" ಎಂದಳು ಆಯಿ.

ಅಪ್ಪ ನೇಯ್ದ. ಚಿಗುರೆಲೆಯಂಥ ಹಸಿರು ಎಷ್ಟು ಚೆನ್ನಾಗಿ ಬಂತೆಂದರೆ, ಮಗ್ಗದ ಮೇಲೆ ಅದನ್ನು ಕಂಡ ಸಾಹುಕಾರ ಮುಧೋಳದ ಮದುವೆ ಮನೆಯೊಂದಕ್ಕೆ ಅದೇ ಬೇಕೆಂದ. ಅಪ್ಪ ಹೂಂ ಎಂದುಬಿಟ್ಟ. ಸಾಹುಕಾರ ಒಯ್ಯಲು ಬರುವ ಮಧ್ಯಾಹ್ನ, ಮಗ್ಗದಿಂದ ಇಳಿಸಿ ಮಡಿಚಿಟ್ಟಿದ್ದ ಸೀರೆಯನ್ನು ಅವ್ವ ಎತ್ತಿಕೊಂಡು ಒಳಗೆ ಹೋದಳು. ಆಯಿ ಹಿಂದೆಯೇ ಹೋಗಿ ಕದ ಹಾಕಿದಳು. ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲ ಸಲ ಉಡುವುದಕ್ಕೆ ನಮ್ಮ ಕಡೆ ಗಳಿಗೆ ಮುರಿಯುವುದು ಎನ್ನುತ್ತಾರೆ. ಗಳಿಗೆ ಮುರಿದದ್ದನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಸಾಹುಕಾರ ಬಂದಾಗ ಅವ್ವ ಹಸಿರುಟ್ಟು ರಾಟಿ ತಿರುಗಿಸುತ್ತಿದ್ದಳು.

"ಇದೇನಪಾ ಇದು, ನನ್ನ ಸೀರಿ?"

"ಗಳಿಗಿ ಮುರದಾತ್ರಿ ಸಾಹುಕಾರ್ರ. ಚಾ ಕುಡೀರಿ," ಎಂದಳು ಆಯಿ. ಅಪ್ಪ ಕುಣಿಯಿಂದ ತಲೆ ಎತ್ತಲಿಲ್ಲ. ಸಾಹುಕಾರ ಚಹಾ ಕುಡಿಯದೆ ಹೋದ. ನೀರು ಕಾಣದ ಆ ಸೀರೆ ಅವಳು ನಡೆದಲ್ಲೆಲ್ಲ ಸರಬರ ಎನ್ನುತ್ತಿತ್ತು. ಸಂಜೆಯ ತನಕ ನಾವು ಮಕ್ಕಳು ಆ ಸಪ್ಪಳದ ಹಿಂದೆಯೇ ತಿರುಗಿದೆವು.

"ಹಂಗಾರ ಹಸರು ಅಂತ ಬರೀಲ್ರಿ?" ಎಂದಳು ಇದೆಲ್ಲ ಕೇಳಿದ ಗೀತಾ.

"ಅದು ಅವ್ವನ ಬಣ್ಣ. ನನಗ ನೀಲಿ. ಹಂಗ ಬರಿ."

ಈಗ ಆಯಿ ಇಲ್ಲ, ಅಪ್ಪ ಇಲ್ಲ, ಅವ್ವ ಇಲ್ಲ. ಆ ಓಣಿಯಲ್ಲಿ ಹಾಸು ಕಟ್ಟುವವರೂ ಇಲ್ಲ. ನಿಮ್ಮ ಓಣಿಯಲ್ಲೂ ಇಂಥದೊಂದು ಬೆಳಗು ಇದ್ದೀತು, ಹೋಗಿದ್ದೀತು. ಆ ಹಸಿರು ಸೀರೆಯ ದಿನದಿಂದ ಪ್ರತಿ ಹಾಸು ಮುಗಿಯುತ್ತ ಬಂದಾಗ ಅಪ್ಪ ಲಾಳಿ ನಿಲ್ಲಿಸಿ, "ಈ ಸಲ ಯಾವ ಬಣ್ಣ?" ಎಂದು ಕೂಗಿ ಕೇಳುತ್ತಿದ್ದ. ಕುಳಿತಲ್ಲಿಂದಲೇ ಹೇಳಬಹುದಿತ್ತು. ಆದರೆ ಅವ್ವ ರಾಟಿ ಬಿಟ್ಟೆದ್ದು, ಸೆರಗಿಗೆ ಕೈ ಒರೆಸಿಕೊಂಡು, ಮಗ್ಗದ ಹತ್ತಿರ ಬಂದು ನಿಂತು, ಒಂದಿಷ್ಟು ಯೋಚಿಸಿ, "ನನಗೇನ್ ಬ್ಯಾಡ್ರಿ," ಎನ್ನುತ್ತಿದ್ದಳು.